ಟ್ರೂಬ್: ಜಾಗ ಒಡೆಯದ ಊರು, ಜನ ಕಡಿಮೆಯಾದ ಊರು

2019ರ ಜೂನ್ ತಿಂಗಳು. ಮಗಳು, ಅಳಿಯ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿದ್ದಾರೆ. ಅಡಿಕೆಗೆ ಮದ್ದು ಬಿಡುವ ಕೆಲಸ ಒಂದು ಸುತ್ತು ಮುಗಿಸಿ, ತೋಟವನ್ನು ತಮ್ಮನಿಗೆ ಒಪ್ಪಿಸಿ ಮೂರು ವಾರಕ್ಕೆಂದು ಅಲ್ಲಿಗೆ ಹೋಗಿದ್ದೆ. ನಾಲ್ಕು ದಿನ ಪೇಟೆ ಸುತ್ತಿದ್ದೇ ಸುತ್ತಿದ್ದು. ಐದನೇ ದಿನ ಅಳಿಯನಲ್ಲಿ ಕೇಳಿಯೇಬಿಟ್ಟೆ, "ಈ ದೇಶದಲ್ಲಿ ಕೃಷಿಕರು ಅಂತ ಯಾರಾದರೂ ಇದ್ದಾರಾ, ಇಲ್ಲವಾ?"

"ಇದ್ದಾರೆ ಮಾವ. ನನ್ನ ಆಫೀಸಿನ ಒಬ್ಬ ಹುಡುಗ ಗುಡ್ಡೆ ಮೇಲಿನ ಮನೆಯವನು. ಅವನ ಅಣ್ಣ ಅಲ್ಲೇ ದನ ಸಾಕಿಕೊಂಡಿದ್ದಾನೆ. ಶನಿವಾರ ಹೋಗುವ" ಎಂದರು.

ಹಾಗೆ ನಾನು ಕಂಡದ್ದು ಟ್ರೂಬ್ ಎಂಬ ಊರನ್ನು. ಎರಡು ದಿನ ಆ ಮನೆಯಲ್ಲೇ ಇದ್ದೆ. ಮನೆಯ ಹಿರಿಯ ಯಜಮಾನರೂ ನಾನೂ ಒಂದೇ ಪ್ರಾಯದವರು, ಇಬ್ಬರಿಗೂ ಆಗ 66. ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದ್ದು ಬಾರದು. ಆದರೂ ಹಟ್ಟಿ, ಗೊಬ್ಬರ, ಹುಲ್ಲು, ಮಳೆ ಎಂದು ಎರಡು ದಿನವೂ ನಮಗೆ ಮಾತು ಮುಗಿಯಲಿಲ್ಲ. ನಡುವೆ ಅಳಿಯ ದುಭಾಷಿ. ಬಂದ ಮೇಲೆ ಆ ಊರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಅಳಿಯನಿಂದ ಕೇಳಿ ತಿಳಿದುಕೊಂಡೆ. ಗುಡ್ಡೆಗಾಡಿನ ಒಂದು ಪಂಚಾಯತು ಹೇಗಿರುತ್ತದೆ, ಅಲ್ಲಿ ಜನ ಹೇಗೆ ನಿಲ್ಲುತ್ತಾರೆ, ಏಕೆ ಬಿಟ್ಟು ಹೋಗುತ್ತಾರೆ ಎಂದು ತಿಳಿಯಲು ಈ ಊರು ಒಳ್ಳೆಯ ಪಾಠ. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲುಂಟು ಈ ಊರು?

ಸ್ವಿಟ್ಜರ್‌ಲೆಂಡಿನಲ್ಲಿ ನಮ್ಮ ರಾಜ್ಯಗಳ ಹಾಗೆ ಕ್ಯಾಂಟನ್‌ಗಳು. ಬರ್ನ್ ಒಂದು ಕ್ಯಾಂಟನ್. ಅದರ ಪೂರ್ವದ ಭಾಗ ಎಮ್ಮೆಂಟಾಲ್. ಎಮ್ಮೆ ಎಂಬುದು ನದಿಯ ಹೆಸರು, ಟಾಲ್ ಅಂದರೆ ಕಣಿವೆ. ಕೇಳಿದಾಗ ನನಗೆ ನಗು ತಡೆಯಲಿಲ್ಲ. ನಮ್ಮ ಭಾಷೆಯಲ್ಲಿ ಎಮ್ಮೆ ಅಂದರೆ ಏನು ಎಂದು ಅಳಿಯ ವಿವರಿಸಿದಾಗ ಅವರೂ ನಕ್ಕರು. ಎಮ್ಮೆ ಕಣಿವೆಯಲ್ಲಿ ಇರುವುದು ದನಗಳೇ. ಆದರೆ 1996ರಲ್ಲಿ ಅದೇ ಕಣಿವೆಯ ಮೇಲ್ಭಾಗದ ಶಾಂಗ್‌ನೌ ಎಂಬ ಊರಿಗೆ ರುಮೇನಿಯಾದಿಂದ ನಿಜವಾದ ಎಮ್ಮೆಗಳನ್ನೇ ತರಿಸಿದರು. ಈಗ ಅಲ್ಲಿ ಎಮ್ಮೆ ಹಾಲಿನ ಚೀಸ್ ಆಗುತ್ತದೆ.

ಬರ್ನ್‌ನಿಂದ ಲುಸೆರ್ನ್‌ಗೆ ಹೋಗುವ ರೈಲಿನಲ್ಲಿ ಲಾಂಗ್‌ನೌ ಪೇಟೆ ದಾಟಿದರೆ ಟ್ರೂಬ್‌ಶಾಖೆನ್ ಎಂಬ ಸಣ್ಣ ಸ್ಟೇಶನ್. ಅಲ್ಲಿ 1910ರಲ್ಲಿ ಶುರುವಾದ ಕಾಂಬ್ಲಿ ಎಂಬ ಬಿಸ್ಕಿಟ್ ಕಾರ್ಖಾನೆ ಉಂಟು. ಅಲ್ಲಿ ಇಳಿದು ಸಣ್ಣ ಬಸ್ಸು ಹಿಡಿದು ಟ್ರೂಬ್ ಹೊಳೆಯ ಬದಿಯಲ್ಲಿ ಮೇಲಕ್ಕೆ ಹೋಗಬೇಕು. ಹೊಳೆಯ ಹೆಸರೇ ಊರಿಗೂ. ಟ್ರೂಬ್ ಹೊಳೆ ಇಲ್ಫಿಸ್‌ಗೆ, ಇಲ್ಫಿಸ್ ಎಮ್ಮೆಗೆ, ಎಮ್ಮೆ ಆರೆ ನದಿಗೆ, ಆರೆ ರೈನ್ ನದಿಗೆ ಸೇರುತ್ತದೆ.

ಹೊಳೆ ಬದಿಯ ಊರ ನಡು ಸಮುದ್ರಮಟ್ಟದಿಂದ ಸುಮಾರು 810 ಮೀಟರ್ ಎತ್ತರದಲ್ಲಿದೆ. ತಲೆಯ ಮೇಲೆ ನಿಂತಿರುವ ನಾಪ್ಫ್ ಶಿಖರ 1400 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಹಿಮದ ಆಲ್ಪ್ಸ್ ದೂರದಲ್ಲಿ ಬೆಳ್ಳಗೆ ಕಾಣುತ್ತದೆ. ಇದು ಅದರ ಬುಡದ ಗುಡ್ಡೆಗಳ ಸೀಮೆ. ಪಕ್ಕದ ಲಾಂಗ್‌ನೌನಲ್ಲಿ ವರ್ಷಕ್ಕೆ ಸುಮಾರು 1400 ಮಿಲಿಮೀಟರ್ ಮಳೆ ಮತ್ತು ಹಿಮ. ನಮ್ಮ ಕರಾವಳಿಯ ಲೆಕ್ಕದಲ್ಲಿ ಅದು ಮಳೆಯೇ ಅಲ್ಲ. ಆದರೆ ಅಲ್ಲಿ ಅದು ವರ್ಷವಿಡೀ ಹಂಚಿ ಬೀಳುತ್ತದೆ, ಹಾಗಾಗಿ ಹುಲ್ಲು ಒಣಗುವುದು ಕಡಿಮೆ. ಬೇಸಿಗೆಯಲ್ಲಿ ಗುಡುಗು, ಆಲಿಕಲ್ಲು ಜೋರು.

ಪಂಚಾಯತಿನ ವಿಸ್ತಾರ 62 ಚದರ ಕಿಲೋಮೀಟರ್, ನಮ್ಮ ಲೆಕ್ಕದಲ್ಲಿ 15 ಸಾವಿರ ಎಕರೆಗೂ ಹೆಚ್ಚು. ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಡು. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಹುಲ್ಲು. ಇಷ್ಟು ಜಾಗದಲ್ಲಿ ಇರುವ ಜನ ಸುಮಾರು 1300. ಚದರ ಕಿಲೋಮೀಟರಿಗೆ 21 ಮಂದಿ ಆಯಿತು. ಇಡೀ ಸ್ವಿಟ್ಜರ್‌ಲೆಂಡಿನ ಲೆಕ್ಕ ಇನ್ನೂರಕ್ಕಿಂತ ಮೇಲೆ. ಅಂದರೆ ದೇಶದ ಸರಾಸರಿಯ ಹತ್ತರಲ್ಲೊಂದು ಪಾಲು ಮಾತ್ರ.

ನೀರು ಕೊರೆದ ಗುಡ್ಡೆ

ಟ್ರೂಬ್‌ನ ಜನಜೀವನ ಅರ್ಥವಾಗಬೇಕಾದರೆ ಮೊದಲು ಅದರ ನೆಲ ಅರ್ಥವಾಗಬೇಕು.

ಕೋಟಿಗಟ್ಟಲೆ ವರ್ಷಗಳ ಹಿಂದೆ ಆಲ್ಪ್ಸ್ ಮೇಲೇಳುತ್ತಿದ್ದಾಗ ಅದರಿಂದ ಇಳಿದ ನದಿಗಳು ಕಲ್ಲು, ಜಲ್ಲಿ, ಮರಳು ತಂದು ಬುಡದಲ್ಲಿ ರಾಶಿ ಹಾಕಿದವು. ಆ ರಾಶಿ ಸುಣ್ಣದ ಅಂಶದಿಂದ ಅಂಟಿ ಗಟ್ಟಿ ಬಂಡೆಯಾಯಿತು. ಕಡಿದ ದರೆಯಲ್ಲಿ ನೋಡಿದರೆ ಥೇಟ್ ನಮ್ಮ ಕಾಂಕ್ರೀಟು. ದುಂಡು ಹೊಳೆಗಲ್ಲುಗಳು ಗೋಡೆಯಲ್ಲಿ ಮೊಳೆಯ ತಲೆಗಳ ಹಾಗೆ ಎದ್ದು ಕಾಣುತ್ತವೆ. ಅದಕ್ಕೆ ಅವರು 'ಮೊಳೆ ಬಂಡೆ' ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ. ಈ ಜಲ್ಲಿಯಲ್ಲಿ ಚೂರುಚೂರು ಚಿನ್ನವೂ ಉಂಟು. ನಾಪ್ಫ್ ಸುತ್ತಿನ ತೋಡುಗಳಲ್ಲಿ ಹಿಂದೆ ಬಾಣಲೆ ಹಿಡಿದು ಚಿನ್ನ ತೊಳೆಯುತ್ತಿದ್ದರು. ಈಗ ಅದು ರಜೆಯಲ್ಲಿ ಬರುವವರ ಆಟ.

ಕಳೆದ ಹಿಮಯುಗದಲ್ಲಿ ದೊಡ್ಡ ಹಿಮನದಿಗಳು ಸ್ವಿಟ್ಜರ್‌ಲೆಂಡಿನ ತಗ್ಗು ಸೀಮೆಯನ್ನೆಲ್ಲ ಉಜ್ಜಿ ನಯ ಮಾಡಿದವು. ಆದರೆ ನಾಪ್ಫ್ ಗುಡ್ಡೆಯ ಸಾಲು ಆ ಹಿಮದಿಂದ ಮೇಲೆದ್ದು ನಿಂತಿತ್ತು. ಹಿಮ ಎರಡೂ ಬದಿಯಿಂದ ಹಾದುಹೋಯಿತು. ಹಾಗಾಗಿ ಈ ಗುಡ್ಡೆಗೆ ರೂಪ ಕೊಟ್ಟದ್ದು ನೀರು ಮಾತ್ರ. ನೀರು ಹಿಮದ ಹಾಗೆ ಉಜ್ಜುವುದಿಲ್ಲ, ಕೊರೆಯುತ್ತದೆ. ಶಿಖರದ ಮೇಲೆ ನಿಂತು ಸುತ್ತ ನೋಡಿದರೆ ಕೊಡೆಯ ಕಡ್ಡಿಗಳ ಹಾಗೆ ತೋಡುಗಳು ಎಲ್ಲ ದಿಕ್ಕಿಗೂ ಇಳಿದು ಹೋಗಿವೆ. ಎರಡು ತೋಡುಗಳ ನಡುವೆ ಒಂದೊಂದು ಏಣು. ತೋಡಿನ ತಳ ಎಷ್ಟು ಇಕ್ಕಟ್ಟು ಅಂದರೆ ಹೊಳೆ, ರಸ್ತೆ ಹಾದುಹೋದ ಮೇಲೆ ಉಳಿಯುವ ಸಮತಟ್ಟು ಬಹಳ ಕಡಿಮೆ.

ಹೀಗಾಗಿ ಇಲ್ಲಿ ಗದ್ದೆ ಬಯಲು ಇಲ್ಲ, ದೊಡ್ಡ ಪೇಟೆ ಬೆಳೆಯಲು ಜಾಗವೂ ಇಲ್ಲ. ಒಂದು ತೋಡಿನವರು ಪಕ್ಕದ ತೋಡಿಗೆ ಹೋಗಬೇಕಾದರೆ ಏಣು ಹತ್ತಿ ಇಳಿಯಬೇಕು, ಇಲ್ಲವೇ ಹೊಳೆ ಕೂಡುವಲ್ಲಿಗೆ ಬಂದು ಮತ್ತೆ ಮೇಲೆ ಹೋಗಬೇಕು. ನಕ್ಷೆಯಲ್ಲಿ ಒಂದು ಕಿಲೋಮೀಟರ್ ದೂರದ ಮನೆ, ರಸ್ತೆಯಲ್ಲಿ ಏಳೆಂಟು ಕಿಲೋಮೀಟರ್.

ಗುಡ್ಡೆಗೊಂದು ಮನೆ

ಟ್ರೂಬ್‌ನಲ್ಲಿ ಸುಮಾರು 1130ರ ಹೊತ್ತಿಗೆ ಕ್ರೈಸ್ತ ಸನ್ಯಾಸಿಗಳ ಮಠವೊಂದು ಸ್ಥಾಪನೆಯಾಯಿತು. ಸುತ್ತಲೆಲ್ಲ ಕಾಡು. ಮಧ್ಯಯುಗದಲ್ಲಿ ಒಕ್ಕಲುಗಳು ಒಂದೊಂದೇ ಕಾಡು ಕಡಿದು ಮನೆ ಕಟ್ಟಿಕೊಂಡರು. 1528ರಲ್ಲಿ ಬರ್ನ್ ಸರಕಾರ ಪ್ರೊಟೆಸ್ಟೆಂಟ್ ಮತಕ್ಕೆ ತಿರುಗಿದಾಗ ಮಠ ಮುಚ್ಚಿತು. ಮನೆಗಳು ಉಳಿದವು.

ಮನೆ ಎಲ್ಲಿ ಕಟ್ಟಬೇಕು ಎಂಬುದನ್ನು ತೀರ್ಮಾನಿಸಿದ್ದು ಎರಡು ಸಂಗತಿ: ಒರತೆ ಮತ್ತು ಬಿಸಿಲು. ಗುಡ್ಡೆಯಲ್ಲಿ ಎಲ್ಲಿ ಒರತೆ ಜಿನುಗುತ್ತದೋ ಅದರ ಕೆಳಗೆ ಮನೆ. ನಾನಿದ್ದ ಮನೆಯ ಅಂಗಳದಲ್ಲೂ ಮರದ ದೊಡ್ಡ ದೋಣಿಗೆ ಹಗಲು ರಾತ್ರಿ ನೀರು ಬೀಳುತ್ತಿತ್ತು. ನಮ್ಮ ಸುರಂಗದ ನೀರು ದಂಬೆಯಲ್ಲಿ ಬಂದ ಹಾಗೆಯೇ. ಇನ್ನು ಬಿಸಿಲು. ತೋಡಿನ ಒಂದು ಪಕ್ಕ ಬಿಸಿಲು ಕಡೆ, ಇನ್ನೊಂದು ನೆರಳು ಕಡೆ. ಜನವರಿಯಲ್ಲಿ ನೆರಳು ಕಡೆಗೆ ಬಿಸಿಲೇ ಮುಟ್ಟದ ಜಾಗಗಳುಂಟು. ಹಾಗಾಗಿ ಮನೆ, ಹುಲ್ಲುಗಾವಲು ಬಿಸಿಲು ಕಡೆಗೆ. ನೆರಳು ಕಡೆ ಕಾಡಿಗೆ.

ಮನೆಗಳನ್ನು ನೋಡಬೇಕು! ಎಲ್ಲ ಮರದ್ದು. ಮಾಡು ಎಷ್ಟು ದೊಡ್ಡದೆಂದರೆ ಮನುಷ್ಯರು, ದನ, ಹುಲ್ಲು, ಗಾಡಿ ಎಲ್ಲ ಒಂದೇ ಸೂರಿನಡಿ. ಮನೆ ಇಳಿಜಾರಿಗೆ ಒತ್ತಿ ಕಟ್ಟಿದ್ದು. ಹಿಂದಿನ ಗುಡ್ಡೆಯಿಂದ ಒಂದು ಸೇತುವೆಯ ಹಾಗೆ ಅಟ್ಟಕ್ಕೇ ನೇರ ದಾರಿ. ಹುಲ್ಲಿನ ಗಾಡಿ ಅಟ್ಟಕ್ಕೇ ಬರುತ್ತದೆ. ಅಲ್ಲಿ ಸುರಿದ ಹುಲ್ಲನ್ನು ಚಳಿಗಾಲದಲ್ಲಿ ಕೆಳಗಿನ ಹಟ್ಟಿಗೆ ದೂಡಿದರೆ ಆಯಿತು. ಹಟ್ಟಿಯ ಗೊಬ್ಬರ ಮತ್ತೆ ಕೆಳಗಿನ ಹುಲ್ಲಿಗೆ. ಹೊತ್ತು ಮೇಲೆ ಹತ್ತಿಸುವ ಕೆಲಸವನ್ನು ಇಳಿಜಾರೇ ಉಳಿಸುತ್ತದೆ. ಧಾನ್ಯ, ಬಟ್ಟೆಬರೆ, ಬೆಲೆಬಾಳುವ ಸಾಮಾನು ಇಡಲು ಬೇರೆಯೇ ಒಂದು ಕಣಜದ ಮನೆ, ಸ್ವಲ್ಪ ದೂರದಲ್ಲಿ. ದೊಡ್ಡ ಮನೆಗೆ ಬೆಂಕಿ ಬಿದ್ದರೂ ಅದು ಉಳಿಯಲಿ ಎಂದು.

ಇನ್ನೊಂದು ಸಣ್ಣ ಮನೆ ಅಂಗಳದ ಆಚೆ ಬದಿಗೆ. ಅದರ ಹೆಸರು ಸ್ಟೊಕ್ಲಿ. ಅದರ ವಿಷಯ ಆಮೇಲೆ ಹೇಳುತ್ತೇನೆ. ಈ ಲೇಖನ ಬರೆಯಲು ಕಾರಣವೇ ಆ ಸಣ್ಣ ಮನೆ.

ಹೀಗೆ ಚೆದುರಿದ ಮನೆಗಳನ್ನು ಒಟ್ಟು ಹಾಕಿದ್ದು ಹಾಲು. ಮೊದಲು ಚೀಸ್ ಮಾಡುತ್ತಿದ್ದದ್ದು ಎತ್ತರದ ಹುಲ್ಲುಗಾವಲಿನಲ್ಲಿ, ಬೇಸಿಗೆಯಲ್ಲಿ ಮಾತ್ರ. 1815ರಲ್ಲಿ ಬರ್ನ್ ಕ್ಯಾಂಟನಿನ ಕೀಸೆನ್ ಎಂಬಲ್ಲಿ ಕಣಿವೆಯೊಳಗೇ ಚೀಸ್ ಮನೆ ಶುರುವಾಯಿತು. ಅದನ್ನು ನೋಡಿ ಊರೂರಲ್ಲಿ ಆಯಿತು. ಎಮ್ಮೆಂಟಾಲ್ ಚೀಸ್‌ನ ಒಂದು ಚಕ್ರ ನೂರು ಕಿಲೋ ಹತ್ತಿರ ತೂಗುತ್ತದೆ. ಅದಕ್ಕೆ ಸಾವಿರ ಲೀಟರಿಗಿಂತ ಹೆಚ್ಚು ಹಾಲು ಬೇಕು. ಒಂದು ಮನೆಯ ಹಾಲಿನಿಂದ ಆಗುವ ಕೆಲಸವಲ್ಲ. ಹಾಗಾಗಿ ಹತ್ತಿಪ್ಪತ್ತು ಮನೆ ಸೇರಿ ಸೊಸೈಟಿ. ಸೊಸೈಟಿ ಆದಲ್ಲಿ ಜಗಳವೂ ಆಗುತ್ತದಲ್ಲ! ಹಾಲಿಗೆ ನೀರು ಬೆರೆಸುವವರ, ಅಧ್ಯಕ್ಷಗಿರಿಗೆ ಹಾತೊರೆಯುವವರ ಕತೆಯನ್ನು ಗೊಟ್‌ಹೆಲ್ಫ್ ಎಂಬ ಕಾವ್ಯನಾಮದ ಅಲ್ಲಿನ ಪಾದ್ರಿಯೊಬ್ಬರು 1850ರಲ್ಲಿ ಕಾದಂಬರಿಯಾಗಿ ಬರೆದಿದ್ದಾರಂತೆ. ನಮ್ಮಲ್ಲಿ ಬರೆದರೂ ಅದೇ ಕತೆ.

ಕಿರಿಮಗನಿಗೆ ಮನೆ

ನೂರಾರು ವರ್ಷ ಕಳೆದರೂ ಈ ಮನೆಗಳ ಜಾಗ ಏಕೆ ತುಂಡಾಗಲಿಲ್ಲ? ನಾಲ್ಕು ತಲೆಮಾರಿನಲ್ಲಿ ನಮ್ಮ 40 ಎಕರೆ 5 ಎಕರೆಯಾಗಿದೆ. ಅಲ್ಲಿ ಹಾಗೆ ಆಗದಿರಲು ಕಾರಣ ಒಂದು ಕ್ರಮ. ಎಮ್ಮೆಂಟಾಲ್‌ನಲ್ಲಿ ಮನೆ, ಜಾಗ ಇಡಿಯಾಗಿ ಒಬ್ಬನಿಗೆ. ಅದೂ ಹಿರಿಮಗನಿಗಲ್ಲ, ಕಿರಿಮಗನಿಗೆ.

ಕಿರಿಯನಿಗೇ ಏಕೆ ಎಂದು ಕೇಳಿದೆ. ಹಿರಿಯರು ಬೆರಳು ಮಡಚಿ ಲೆಕ್ಕ ಹೇಳಿದರು. ಹಿರಿಮಗನಿಗೆ 25 ಆಗುವಾಗ ಅಪ್ಪನಿಗೆ 50. ಅವನಿಗೆ ಬಿಡಲು ಅಪ್ಪ ತಯಾರಿಲ್ಲ. ಕಿರಿಮಗನಿಗೆ 25 ಆಗುವಾಗ ಅಪ್ಪನಿಗೆ 65. ಆಗ ಇಬ್ಬರಿಗೂ ಸರಿಯಾದ ಹೊತ್ತು.

ಲೆಕ್ಕ ಚಂದವೇ. ಆದರೆ ಉಳಿದ ಮಕ್ಕಳು? ಅವರಿಗೆ ಸ್ವಲ್ಪ ಹಣ, ಇಲ್ಲವೇ ಅದೂ ಇಲ್ಲ. ಕೆಲವರು ಬಡಗಿ, ಕಮ್ಮಾರರಾದರು. ಕೆಲವರು ತಮ್ಮನ ಮನೆಯಲ್ಲೇ ಆಳಾಗಿ ಮದುವೆಯಿಲ್ಲದೆ ಮುದುಕರಾದರು. ನೆರಳು ಕಡೆಗೆ ಗುಡಿಸಲು ಕಟ್ಟಿ ಆಲೂಗಡ್ಡೆ ಬೆಳೆದು ಕೂಲಿಗೆ ಹೋದವರು ಎಷ್ಟೋ. ಬಹಳಷ್ಟು ಜನ ಊರೇ ಬಿಟ್ಟರು.

ಮತದ ಕಾರಣಕ್ಕೆ ಓಡಿದವರೂ ಉಂಟು. ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಆಗಬೇಕು, ಆಯುಧ ಹಿಡಿಯಬಾರದು ಎನ್ನುವ ಪಂಗಡವೊಂದು ಇಲ್ಲಿ ಬಲವಾಗಿತ್ತು. ಬರ್ನ್ ಸರಕಾರ ಅವರನ್ನು ಬೇಟೆಯಾಡಿತು. ಟ್ರೂಬ್‌ನ ಫಾಂಕ್‌ಹೌಸ್ ತೋಡಿನ ಒಂದು ಮನೆಯಲ್ಲಿ ಅವರು ಅಡಗುತ್ತಿದ್ದ ಗುಪ್ತಜಾಗವನ್ನು ಇಂದಿಗೂ ತೋರಿಸುತ್ತಾರೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕುದುರೆ ಗಾಡಿಯಲ್ಲಿ ಓಡಾಡುವ ಕೃಷಿಕರ ಚಿತ್ರ ನೀವು ನೋಡಿರಬಹುದು. ಅವರಲ್ಲಿ ಅನೇಕರ ಮೂಲ ಈ ಗುಡ್ಡೆಗಳು.

ಇನ್ನೂ ಕಹಿಯಾದದ್ದು ಒಂದುಂಟು. ಸ್ವಿಟ್ಜರ್‌ಲೆಂಡಿನಲ್ಲಿ ಅನಾಥ ಮತ್ತು ಬಡ ಮಕ್ಕಳನ್ನು ಅಧಿಕಾರಿಗಳೇ ಕೃಷಿಕರ ಮನೆಗಳಿಗೆ ಕೆಲಸಕ್ಕೆ ಒಪ್ಪಿಸುತ್ತಿದ್ದರು. ಬರ್ನ್ ಸೀಮೆಯಲ್ಲಿ ಇದು ತುಂಬಾ ಇತ್ತು. ಒಂದು ಕಾಲದಲ್ಲಿ ಯಾರು ಕಡಿಮೆ ಖರ್ಚಿಗೆ ಸಾಕುತ್ತೇನೆ ಎನ್ನುತ್ತಾರೋ ಅವರಿಗೆ ಮಗು, ಹರಾಜಿನ ಹಾಗೆ. 1960ರ ದಶಕದವರೆಗೂ ಈ ಕ್ರಮ ಎಳೆದುಕೊಂಡು ಬಂತು. 2013ರಲ್ಲಿ ಸರಕಾರದ ಪರವಾಗಿ ಮಂತ್ರಿ ಸಿಮೊನೆಟ್ಟಾ ಸೊಮ್ಮರೂಗಾ ಬದುಕಿ ಉಳಿದವರ ಕ್ಷಮೆ ಕೇಳಿದರು. ಆಮೇಲೆ ಒಬ್ಬೊಬ್ಬರಿಗೆ 25 ಸಾವಿರ ಫ್ರಾಂಕ್ ಪರಿಹಾರ ಕೊಡುವ ಕಾನೂನಾಯಿತು. ಈ ಮಾತು ಬಂದಾಗ ನಮ್ಮ ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನ್ನ ಅಜ್ಜನ ಕಾಲದಲ್ಲಿ ಈ ಮನೆಯಲ್ಲೂ ಇಬ್ಬರು ಇದ್ದರು" ಎಂದರು. ಮತ್ತೆ ಆ ವಿಷಯ ತೆಗೆಯಲಿಲ್ಲ. ಜಾಗ ಇಡಿಯಾಗಿ ಉಳಿದದ್ದಕ್ಕೆ ಯಾರು ಬೆಲೆ ಕೊಟ್ಟರು ಎಂಬುದೂ ನಮಗೆ ಗೊತ್ತಿರಬೇಕು.

ಮನೆ ಅಷ್ಟೇ, ಜನ ಎಲ್ಲಿ?

1900ರ ಹೊತ್ತಿಗೆ ಟ್ರೂಬ್‌ನಲ್ಲಿ ಎರಡು ಸಾವಿರಕ್ಕಿಂತ ಹೆಚ್ಚು ಜನರಿದ್ದರು. ಈಗ 1300. ಇದೇ ಅವಧಿಯಲ್ಲಿ ಸ್ವಿಟ್ಜರ್‌ಲೆಂಡಿನ ಜನಸಂಖ್ಯೆ 33 ಲಕ್ಷದಿಂದ 90 ಲಕ್ಷದ ಹತ್ತಿರಕ್ಕೆ ಏರಿದೆ. ದೇಶ ತುಂಬಿದಾಗ ಈ ಊರು ಬರಿದಾಯಿತು.

ಆದರೆ ಗುಡ್ಡೆ ಮೇಲೆ ನಿಂತು ನೋಡಿದರೆ ಹಾಳುಬಿದ್ದ ಊರಿನ ಹಾಗೆ ಕಾಣುವುದಿಲ್ಲ. ಮನೆಗಳು ನಿಂತಿವೆ, ಕಿಟಕಿಗಳಲ್ಲಿ ಹೂವು ಉಂಟು, ಹುಲ್ಲು ಕೊಯ್ದು ಆಗಿದೆ. ಹಾಗಾದರೆ ಜನ ಕಡಿಮೆಯಾದದ್ದು ಹೇಗೆ? ಯಜಮಾನರ ಮನೆಯ ಲೆಕ್ಕವನ್ನೇ ತೆಗೆದುಕೊಳ್ಳಿ. ಅವರ ಅಜ್ಜನ ಕಾಲದಲ್ಲಿ ಆ ಮಾಡಿನ ಕೆಳಗೆ 14 ಜನ. ಅಪ್ಪ, ಅಮ್ಮ, ಏಳು ಮಕ್ಕಳು, ಮದುವೆಯಾಗದ ದೊಡ್ಡಪ್ಪ, ಇಬ್ಬರು ಆಳುಗಳು, ಆ ಇಬ್ಬರು ಮಕ್ಕಳು. ಅವರ ಅಪ್ಪನ ಕಾಲಕ್ಕೆ 9. ಈಗ ಮಗ, ಸೊಸೆ, ಎರಡು ಮಕ್ಕಳು, ಜತೆಗೆ ಇವರಿಬ್ಬರು. ಒಟ್ಟು 6. ಮನೆ ಒಂದೇ, ಜಾಗ ಅಷ್ಟೇ, ದನ ಮೊದಲಿಗಿಂತ ಹೆಚ್ಚು.

ಆಳುಗಳ ಜಾಗಕ್ಕೆ ಯಂತ್ರ ಬಂತು. ಇಳಿಜಾರಿನಲ್ಲಿ ಜಾರದ ಅಗಲ ಚಕ್ರದ, ಕೈಯಲ್ಲಿ ಹಿಡಿದು ನಡೆಸುವ ಹುಲ್ಲು ಕತ್ತರಿಸುವ ಯಂತ್ರಗಳು. ಇಂಥವನ್ನು ಮಾಡುವ ಏಬಿ ಎಂಬ ಕಂಪೆನಿ 1883ರಲ್ಲಿ ಹುಟ್ಟಿದ್ದು ಇದೇ ಎಮ್ಮೆಂಟಾಲ್‌ನ ಬುರ್ಗ್‌ಡೊರ್ಫ್‌ನಲ್ಲಿ. ನೆರಳು ಕಡೆಯ ಕೂಲಿಗಳ ಗುಡಿಸಲುಗಳಲ್ಲಿ ಕೆಲವು ಈಗ ಪೇಟೆಯವರ ರಜಾ ಮನೆಗಳು. ಗುಡಿಸಲಿನ ಸುತ್ತಲ ಹುಲ್ಲು ಇದ್ದಲ್ಲಿ ಕಾಡು ಬಂದಿದೆ.

ಕಾಡಿನ ವಿಷಯ ಬಂತಲ್ಲ, ಒಂದು ಮಾತು. 1876ರ ಕಾನೂನಿನಿಂದ ಶುರುವಾಗಿ ಸ್ವಿಟ್ಜರ್‌ಲೆಂಡಿನಲ್ಲಿ ಕಾಡಿನ ವಿಸ್ತಾರ ಕಡಿಮೆ ಮಾಡುವಂತಿಲ್ಲ. ಆದರೆ ಇಲ್ಲಿನ ಕಾಡು ಹೆಚ್ಚಾಗಿ ಕೃಷಿಕರದ್ದೇ. ಬಲಿತ ಮರವನ್ನು ಒಂದೊಂದೇ ಆರಿಸಿ ಕಡಿಯುತ್ತಾರೆ, ಬೋಳು ಮಾಡುವುದಿಲ್ಲ. ಒಂದೇ ಕಾಡಿನಲ್ಲಿ ಮೊಣಕಾಲೆತ್ತರದ ಸಸಿ, ನಡುಪ್ರಾಯದ ಮರ, ಮುದಿ ಮರ ಎಲ್ಲ ಒಟ್ಟಿಗೆ. ಹಳೆ ಮರ ಹೋಗುವ ಮೊದಲೇ ನಡುವೆ ಸಸಿ ಇಡುವ ನಮ್ಮ ಅಡಿಕೆ ತೋಟದ ಕ್ರಮದ ಹಾಗೆ. ಮಗಳ ಮದುವೆಗೋ ಮಾಡು ರಿಪೇರಿಗೋ ಹಣ ಬೇಕಾದರೆ ನಾಲ್ಕು ಮರ. ಅದು ಅವರ ಬ್ಯಾಂಕು.

ಊರು ಬಿಟ್ಟವರ ಗುರುತು ಇನ್ನೊಂದು ರೀತಿಯಲ್ಲಿ ಉಳಿದಿದೆ. ಸ್ವಿಸ್ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಬರೆಯುವುದಿಲ್ಲ, ಮೂಲದ ಊರು ಬರೆಯುತ್ತಾರೆ. ಟ್ರೂಬ್ ನೋಡಿಯೇ ಇರದ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ 'ಟ್ರೂಬ್' ಎಂದಿರುತ್ತದೆ. ಫಾಂಕ್‌ಹೌಸ್ ತೋಡಿನ ಹೆಸರಿನಿಂದ ಬಂದ ಫಾಂಕ್‌ಹೌಸರ್ ಎಂಬ ಮನೆತನದ ಹೆಸರು ದೇಶವಿಡೀ ಇದೆ. ನಮ್ಮಲ್ಲಿ ಹೆಸರಿನ ಮುಂದೆ ಜಾಗದ ಹೆಸರು ಅಂಟಿದ ಹಾಗೆ. ಹೊರಗಿನಿಂದ ಬಂದು ನೆಲೆಸಿದವರು ಮಾತ್ರ ಟ್ರೂಬ್‌ನಲ್ಲಿ ಬಹಳ ಕಡಿಮೆ. ಇಡೀ ದೇಶದಲ್ಲಿ ನಾಲ್ಕರಲ್ಲಿ ಒಬ್ಬರು ಪರದೇಶದವರು. ಇಲ್ಲಿ ಹೆಚ್ಚುಕಡಿಮೆ ಎಲ್ಲರೂ ಇಲ್ಲಿಯವರೇ, ಬರ್ನ್ ಸೀಮೆಯ ಜರ್ಮನ್ ಮಾತಾಡುವವರು.

ಇಳಿಜಾರಿಗೆ ಸಂಬಳ

ಇಷ್ಟು ಕಷ್ಟದ ಜಾಗದಲ್ಲಿ ಈ 1300 ಜನ ಏಕೆ ಉಳಿದಿದ್ದಾರೆ? ಹಾಲಿನ ಕ್ರಯದಿಂದ ಮಾತ್ರ ಅಲ್ಲ. ಚೀಸ್ ಕೊಂಡು ಮಾರುವ ಹೊಣೆ ಹೊತ್ತಿದ್ದ ರಾಷ್ಟ್ರೀಯ ಸಂಘಟನೆ 1999ರಲ್ಲಿ ಮುಚ್ಚಿತು. ಹಾಲಿಗಿದ್ದ ಕೋಟಾ ಪದ್ಧತಿ 2009ರಲ್ಲಿ ಹೋಯಿತು. ಎಮ್ಮೆಂಟಾಲ್ ಚೀಸ್‌ನ ಬೇಡಿಕೆಯೂ ಇಳಿಯಿತು. ಇಡೀ ದೇಶದಲ್ಲಿ 2000ದಲ್ಲಿ 70 ಸಾವಿರದಷ್ಟು ಕೃಷಿ ಕುಟುಂಬಗಳ ಹಿಡುವಳಿಗಳಿದ್ದವು. 2022ರಲ್ಲಿ 48 ಸಾವಿರ.

ಇನ್ನೂ ವೇಗವಾಗಿ ಖಾಲಿಯಾಗದಂತೆ ತಡೆದದ್ದು ನೇರ ಪಾವತಿ. 1993ರಿಂದ ಸರಕಾರ ಬೆಳೆಯ ಬೆಲೆ ಹಿಡಿದು ನಿಲ್ಲಿಸುವ ಬದಲು ಕೃಷಿಕನಿಗೇ ನೇರ ಹಣ ಕೊಡಲು ಶುರುಮಾಡಿತು. 1996ರ ಜೂನ್ 9ರಂದು ಇಡೀ ದೇಶದ ಜನ ಮತ ಹಾಕಿ ಇದನ್ನು ಸಂವಿಧಾನಕ್ಕೇ ಸೇರಿಸಿದರು. ಕೃಷಿಯಿಂದ ಮೂರು ಕೆಲಸ ಆಗಬೇಕು ಎಂದು ಅಲ್ಲಿ ಬರೆದಿದೆ: ಜನರಿಗೆ ಆಹಾರ, ನೆಲಜಲ ಮತ್ತು ಊರ ಚೆಲುವಿನ ರಕ್ಷಣೆ, ಮೂರನೆಯದು ಜನ ಒಂದೇ ಕಡೆ ಗುಂಪುಗೂಡದೆ ದೇಶದ ಉದ್ದಗಲಕ್ಕೂ ವಾಸವಿರುವುದು. ಈ ಮೂರನೆಯದನ್ನು ನಾನು ಅಳಿಯನಲ್ಲಿ ಎರಡು ಸಲ ಓದಿಸಿದೆ. ಗುಡ್ಡೆಯ ಮೇಲೆ ಒಂದು ಮನೆ ಇರುವುದೇ ದೇಶಕ್ಕೆ ಮಾಡುವ ಒಂದು ಕೆಲಸ ಎಂದು ಸಂವಿಧಾನ ಒಪ್ಪಿದ ಹಾಗಾಯಿತು.

ಹಣದ ಲೆಕ್ಕವೂ ಹಾಗೇ ಉಂಟು. ಜಮೀನನ್ನು ಬಯಲು, ಗುಡ್ಡೆ, ಬೆಟ್ಟ ಎಂದು ವಲಯ ಮಾಡಿದ್ದಾರೆ. ಮೇಲೆ ಹೋದಷ್ಟೂ ಪಾವತಿ ಹೆಚ್ಚು. ಅದರ ಮೇಲೆ ಇಳಿಜಾರಿಗೆ ಬೇರೆ. ಶೇಕಡಾ 18ರಿಂದ 35ರ ಇಳಿಜಾರಿಗೆ ಒಂದು ದರ, 35ರಿಂದ 50ಕ್ಕೆ ಇನ್ನೊಂದು, 50 ದಾಟಿದರೆ ಮತ್ತೂ ಹೆಚ್ಚು. ಶೇಕಡಾ 50 ಅಂದರೆ ಹತ್ತು ಮೀಟರ್ ಮುಂದೆ ಹೋಗುವಾಗ ಐದು ಮೀಟರ್ ಏರುವ ಜಾಗ. ಅಂಥಲ್ಲಿ ಯಜಮಾನರ ಮಗ ಹುಲ್ಲು ಕೊಯ್ಯುವುದನ್ನು ನೋಡಿದೆ. ಬೂಟಿನ ಅಡಿಗೆ ಮುಳ್ಳು ಕಟ್ಟಿಕೊಂಡಿದ್ದ. ನಾನು ನಿಂತಲ್ಲೇ ಜಾರಿ ಕೂತೆ.

ಬಿಟ್ಟಿ ಹಣ ಅಲ್ಲ. ಜಮೀನಿನ ಶೇಕಡಾ 7 ಪಾಲನ್ನಾದರೂ ಹೂವು, ಹುಳ, ಹಕ್ಕಿಗಳಿಗೆ ಅನುಕೂಲವಾಗುವ ಹಾಗೆ ಬಿಡಬೇಕು. ಗೊಬ್ಬರ ಎಷ್ಟು ಹಾಕಿದೆ, ಎಷ್ಟು ಬೇಕಿತ್ತು ಎಂಬ ಲೆಕ್ಕ ತೋರಿಸಬೇಕು. ದನಗಳನ್ನು ಹೊರಗೆ ಬಿಟ್ಟರೆ ಹೆಚ್ಚುವರಿ. ಇನ್‌ಸ್ಪೆಕ್ಟರು ಬಂದು ನೋಡುತ್ತಾರೆ. ದೇಶಕ್ಕೆ ಇದರ ಖರ್ಚು ವರ್ಷಕ್ಕೆ ಸುಮಾರು 280 ಕೋಟಿ ಫ್ರಾಂಕ್. ಅಷ್ಟು ಶ್ರೀಮಂತ ದೇಶಕ್ಕೆ ಸಾಧ್ಯವಾದದ್ದು ನಮಗೆ ಆಗುವುದೇ ಎಂದು ನೀವು ಕೇಳಬಹುದು. ನ್ಯಾಯದ ಪ್ರಶ್ನೆ. ಆದರೆ ಹಣವಿಲ್ಲದೆಯೂ ನಾವು ಕಲಿಯಬಹುದಾದದ್ದು ಈಗ ಬರುತ್ತದೆ.

ಅಂಗಳದ ಆಚೆಯ ಸಣ್ಣ ಮನೆ

ನೇರ ಪಾವತಿಗೆ ಒಂದು ಶರತ್ತು ಉಂಟು. 65 ತುಂಬಿದವರಿಗೆ ಅದು ಸಿಗುವುದಿಲ್ಲ. ಅಂದರೆ 65ಕ್ಕೆ ಮೊದಲು ಜಾಗ ಯಾರಿಗೆ ಎಂದು ತೀರ್ಮಾನ ಆಗಲೇಬೇಕು. ಕೊನೆಯುಸಿರಿನವರೆಗೂ ಬೀಗದ ಕೈ ಸೊಂಟದಲ್ಲೇ ಇಟ್ಟುಕೊಳ್ಳುವ ಹಾಗಿಲ್ಲ.

ಯಾರಿಗೆ, ಹೇಗೆ ಎಂಬುದಕ್ಕೆ 1994ರಿಂದ ಜಾರಿಯಲ್ಲಿರುವ ಕೃಷಿಭೂಮಿ ಕಾನೂನು ದಾರಿ ಹಾಕಿಕೊಟ್ಟಿದೆ. ಕಿರಿಮಗನೇ ಆಗಬೇಕೆಂದಿಲ್ಲ. ಮಗನೋ ಮಗಳೋ, ಸ್ವತಃ ಕೃಷಿ ಮಾಡುವವರು ಮುಂದೆ ಬಂದರೆ ಜಾಗ ಇಡಿಯಾಗಿ ಅವರಿಗೆ. ಒಂದು ಕುಟುಂಬ ದುಡಿಯುವಷ್ಟು ದೊಡ್ಡ ಹಿಡುವಳಿಯನ್ನು ತುಂಡು ಮಾಡುವಂತಿಲ್ಲ. ಉಳಿದ ಮಕ್ಕಳಿಗೂ ಪಾಲು ಉಂಟು. ಆದರೆ ಆ ಪಾಲಿನ ಲೆಕ್ಕ ಮಾರುಕಟ್ಟೆ ಬೆಲೆಯ ಮೇಲೆ ಅಲ್ಲ. ಆ ಜಾಗದ ಬೆಳೆಯಿಂದ ಎಷ್ಟು ಹುಟ್ಟುತ್ತದೋ ಅದರ ಮೇಲೆ ಕಟ್ಟಿದ ಬೆಲೆ. ಅದು ಮಾರುಕಟ್ಟೆ ಬೆಲೆಗಿಂತ ತುಂಬಾ ಕಡಿಮೆ, ಹಾಗಾಗಿ ಕೃಷಿ ಮಾಡುವವರಿಗೆ ತೀರಿಸಲು ಸಾಧ್ಯ.

"ಹಾಗೆ ಕಡಿಮೆಗೆ ತೆಗೆದುಕೊಂಡು ನಾಳೆ ಮಾರಿದರೆ?" ಎಂದು ಕೇಳಿದೆ. ಅದಕ್ಕೂ ದಾರಿ ಮಾಡಿದ್ದಾರೆ. 25 ವರ್ಷದೊಳಗೆ ಮಾರಿದರೆ ಲಾಭದಲ್ಲಿ ಒಡಹುಟ್ಟಿದವರಿಗೆ ಪಾಲು. ಕೊಳ್ಳುವವರೂ ಸ್ವತಃ ಕೃಷಿ ಮಾಡುವವರೇ ಆಗಿರಬೇಕು, ಹಣವಿದ್ದವರೆಲ್ಲ ಕೊಳ್ಳುವಂತಿಲ್ಲ. ನಮ್ಮ ರಾಜ್ಯದಲ್ಲಿ ಅಂಥದ್ದೇ ಇದ್ದ ತಡೆಯನ್ನು 2020ರಲ್ಲಿ ತೆಗೆದುಹಾಕಿದ್ದು ನಿಮಗೆ ನೆನಪಿರಬಹುದು.

ಯಜಮಾನರಿಗೆ ಇಬ್ಬರು ಗಂಡು, ಒಬ್ಬಳು ಹೆಣ್ಣು. ಅವರು 64ರಲ್ಲಿ ಮೂವರನ್ನೂ ಕೂರಿಸಿ ಕೇಳಿದರು. ದೊಡ್ಡ ಮಗ "ನಾನು ಮಾಡುತ್ತೇನೆ" ಎಂದ. ಅಳಿಯನ ಸ್ನೇಹಿತ, ಅಂದರೆ ಕಿರಿಯವನು, "ನನಗೆ ಆಫೀಸೇ ಇರಲಿ" ಎಂದ. ಕಾಗದ ಆಯಿತು. ಆ ಕಾಗದದಲ್ಲೇ ಇವರಿಬ್ಬರಿಗೆ ಜೀವ ಇರುವವರೆಗೆ ಸ್ಟೊಕ್ಲಿಯಲ್ಲಿ ವಾಸದ ಹಕ್ಕು ಬರೆದಿದೆ. ಅದೇ ಅಂಗಳದ ಆಚೆ ಬದಿಯ ಸಣ್ಣ ಮನೆ. ಎರಡು ಕೋಣೆ, ಅಡುಗೆಮನೆ, ಮುಂದೆ ಒಂದು ತರಕಾರಿ ಸಾಲು. ಹಿರಿಯರು ದೊಡ್ಡ ಮನೆ ಬಿಟ್ಟು ಮೂವತ್ತು ಹೆಜ್ಜೆ ಆಚೆ ಹೋದರು, ಅಷ್ಟೇ. ಬೆಳಗ್ಗೆ ಹಟ್ಟಿಗೆ ಬರುತ್ತಾರೆ, ಕೆಲಸ ಮಾಡುತ್ತಾರೆ. ಏನು ಮಾಡಬೇಕು ಎಂದು ಹೇಳುವುದು ಮಗ.

"ಕಷ್ಟ ಆಗಲಿಲ್ಲವಾ?" ಎಂದೆ. "ಮೊದಲ ವರ್ಷ ತುಂಬಾ" ಎಂದರು. "ಮಗ ಹುಲ್ಲು ಕೊಯ್ಯುವುದು ಎರಡು ದಿನ ತಡವಾಯಿತು ಎಂದು ರಾತ್ರಿ ನಿದ್ರೆ ಬರುತ್ತಿರಲಿಲ್ಲ. ಹೇಳಲಿಲ್ಲ. ನನ್ನ ಅಪ್ಪನೂ ಇದೇ ಕಿಟಕಿಯಿಂದ ನನ್ನನ್ನು ನೋಡುತ್ತಿದ್ದ, ಹೇಳಿರಲಿಲ್ಲ."

ಎಲ್ಲ ಮನೆಯಲ್ಲೂ ಹೀಗೆ ಸರಾಗ ಅಲ್ಲವಂತೆ. ಎದುರಿನ ಗುಡ್ಡೆಯ ಒಂದು ಮನೆ ತೋರಿಸಿದರು. ಅಲ್ಲಿ ಮಕ್ಕಳು ಯಾರೂ ಒಪ್ಪಲಿಲ್ಲ. ಜಾಗವನ್ನು ಪಕ್ಕದ ಮನೆಯವರು ಗೇಣಿಗೆ ಮಾಡುತ್ತಿದ್ದಾರೆ, ಮನೆಯಲ್ಲಿ ದೀಪವಿಲ್ಲ. ಕಾನೂನು ಜಾಗ ಒಡೆಯದಂತೆ ತಡೆಯಬಹುದು. ಮಗನನ್ನೋ ಮಗಳನ್ನೋ ಹಿಡಿದು ನಿಲ್ಲಿಸಲು ಆಗುವುದಿಲ್ಲ.

ಊರಿಗೆ ಬಂದ ಮೇಲೆ

ನನ್ನದು 5 ಎಕರೆ. ಕೆರೆ ಒಂದು, ಪಂಪ್‌ಸೆಟ್ ಒಂದು, ಅಂಗಳ ಒಂದು. ಮಕ್ಕಳು ಮೂವರು. ಕಾನೂನಿನ ಪ್ರಕಾರ ಸಮಪಾಲು. ಅದು ಸರಿಯೂ ಹೌದು, ಹೆಣ್ಣುಮಕ್ಕಳಿಗೆ ಪಾಲಿಲ್ಲದ ಕಾಲ ಮತ್ತೆ ಬರುವುದು ಬೇಡ. ಆದರೆ ಮೂರು ತುಂಡು ಮಾಡಿದರೆ ನೀರಿಗೆ ಜಗಳ, ದಾರಿಗೆ ಜಗಳ, ಕೊನೆಗೆ ಮೂರೂ ತುಂಡು ಮಾರಾಟ. ನಮ್ಮ ಸುತ್ತಲೇ ಇಂಥದ್ದು ಎಷ್ಟು ನೋಡಿಲ್ಲ?

ಬಂದು ಎರಡು ವರ್ಷ ನಾನು ಏನೂ ಮಾಡಲಿಲ್ಲ. ನಾಳೆ ಮಾತಾಡುವ, ಕೊಯ್ಲು ಮುಗಿಯಲಿ ಎಂದು ಮುಂದೂಡಿದೆ. ಆಮೇಲೊಂದು ದೀಪಾವಳಿಗೆ ಮೂವರೂ ಒಟ್ಟಿಗೆ ಸಿಕ್ಕಿದಾಗ ಚಾವಡಿಯಲ್ಲಿ ಕೂರಿಸಿ, ಟ್ರೂಬ್‌ನ ಯಜಮಾನರು ಕೇಳಿದ್ದನ್ನೇ ಕೇಳಿದೆ. ಯಾರು ಮಾಡುತ್ತೀರಿ? ಒಬ್ಬಳು ತಲೆಯೆತ್ತಿದಳು, ನಡುವಿನವಳು. ನಾನು ಅಂದುಕೊಂಡಿದ್ದು ಮಗನನ್ನು. ತೋಟ ಒಂದೇ ಆಗಿ ಅವಳ ಕೈಯಲ್ಲಿರಬೇಕು, ಉಳಿದಿಬ್ಬರ ಪಾಲನ್ನು ತೋಟದ ಹುಟ್ಟುವಳಿಯ ಲೆಕ್ಕದಲ್ಲಿ ವರ್ಷವರ್ಷ ತೀರಿಸಬೇಕು, ಮಾರಿದರೆ ಮೂವರಿಗೂ ಸಮ ಎಂದು ಮಾತಾಗಿದೆ. ಇನ್ನೂ ರಿಜಿಸ್ಟ್ರಿ ಆಗಿಲ್ಲ. ವಕೀಲರು ಎರಡು ಕಡೆ ತಿದ್ದಬೇಕು ಎಂದಿದ್ದಾರೆ. ನನ್ನ ಹೆಂಡತಿಗೂ ನನಗೂ ಹಳೆ ಅಡಿಕೆ ಕೊಟ್ಟಿಗೆಯನ್ನು ಎರಡು ಕೋಣೆ ಮಾಡುವುದೆಂದು ಆಗಿದೆ. ಅಂಗಳದ ಆಚೆ ಬದಿಗೆ, ಮೂವತ್ತು ಹೆಜ್ಜೆ ಆಗಬಹುದು.

ಟ್ರೂಬ್‌ನ ಇಳಿಜಾರಿಗೆ ಸಿಗುವ ಹಣ ನಮಗೆ ಸಿಗಲಿಕ್ಕಿಲ್ಲ. ಆದರೆ ಮಕ್ಕಳನ್ನು ಕೂರಿಸಿ ಕೇಳಲು ಹಣ ಬೇಡವಲ್ಲ. ನಿಮ್ಮ ಮನೆಯಲ್ಲಿ ಕೇಳಿ ಆಗಿದೆಯಾ? ಪಾಲು ಮಾಡದೆ ತೋಟ ಉಳಿಸಿಕೊಂಡವರು ಯಾರಾದರೂ ಇದ್ದರೆ ಹೇಗೆ ಮಾಡಿದಿರಿ ಎಂದು ಪತ್ರಿಕೆಗೆ ಬರೆಯಿರಿ. ನನಗಂತೂ ರಿಜಿಸ್ಟ್ರಿಗೆ ಮೊದಲು ತಿಳಿದರೆ ಉಪಕಾರ.